ತಟ್ಟೆಯೊಳಗೆ ಅಲುಗಿದ ಕರುಳು

ನಮ್ಮಪ್ಪ ಭೋಸರಿಯ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮಷಿನ್ ಮೇಲೆ ವಯಸ್ಸೆಲ್ಲ ಸವೆಸಿದವ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುತ್ತಿದ್ದ. ಆ ಬಲಗೈ ನಡುಗತೊಡಗಿದಾಗ ಅವನನ್ನು ನರರೋಗದ ಡಾಕ್ಟರ ಹತ್ತಿರ ಕರೆದೊಯ್ದೆ. ಕೈ ಮುಟ್ಟುವ ಮೊದಲೇ ಅವರು ಮರಾಠಿಯಲ್ಲಿ, ಹೊಟ್ಟೆ ಸರಿಯಾಗಿ ಖಾಲಿಯಾಗುತ್ತದೆಯೇ ಎಂದು ಕೇಳಿದರು. ಮಗಳೆದುರು ಅಪ್ಪ ನಾಚಿ ತಲೆ ತಗ್ಗಿಸಿದ. ಹತ್ತು ವರ್ಷಗಳಿಂದ ಮಲಬದ್ಧತೆ. ಅವ್ವ ಅದನ್ನು ಕ್ಯಾಂಟೀನಿನ ವಡಾಪಾವ್ ತಲೆಗೆ ಕಟ್ಟಿ ಸುಮ್ಮನಾಗಿದ್ದಳು.

ರೋಗ ಪಾರ್ಕಿನ್ಸನ್ ಎಂದರು. ಕೆಲವರಲ್ಲಿ ಅದು ಮಿದುಳಿಗಿಂತ ಮೊದಲು ಕರುಳಿನ ನರಗಳಲ್ಲಿ ಶುರುವಾಗುತ್ತದೇನೋ, ಇನ್ನೂ ಖಚಿತವಿಲ್ಲ, ಸಂಶೋಧಕರು ಹುಡುಕುತ್ತಿದ್ದಾರೆ ಎಂದರು. ಆ ಸಂಶೋಧನೆಗೆಂದು ಕರುಳಿನ ಸಣ್ಣ ಚೂರು ಕೊಡುವಿರಾ ಎಂದು ಕೇಳಿದ್ದಕ್ಕೆ ಅಪ್ಪ ಒಪ್ಪಲಿಲ್ಲ.

ನಾನು ಧನಕವಡಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಉಪ್ಪುನೀರಿನ ದ್ರಾವಣ ಕಲಸಿಡುತ್ತಿದ್ದೆ. ಅದು ಯಾತಕ್ಕೆಂದು ಎರಡು ವರ್ಷ ಕೇಳಿರಲಿಲ್ಲ. ಮರುದಿನ ಕೇಳಿದೆ. ಅಲ್ಲಿ ಪ್ರಯೋಗ ನಡೆಸುವ ಮೇಡಂ ಕರೆದು ತೋರಿಸಿದರು. ಗಾಜಿನ ತಟ್ಟೆಯ ಬೆಚ್ಚಗಿನ ದ್ರಾವಣದಲ್ಲಿ ಇಲಿಯ ಕರುಳಿನ ತುಂಡೊಂದು ಬಿದ್ದಿತ್ತು. ಇಲಿ ಸತ್ತು ಗಂಟೆಯಾಗಿತ್ತು. ಆ ತುಂಡು ಮಾತ್ರ ಹಿಂದಿನಿಂದ ಮುಂದಕ್ಕೆ ನಿಧಾನ ಹಿಂಡಿಕೊಳ್ಳುತ್ತ, ಒಳಗಿಟ್ಟ ಸಣ್ಣ ಗುಳಿಗೆಯನ್ನು ತಾನೇ ತಳ್ಳುತ್ತಿತ್ತು. ಇದನ್ನು ಅಪ್ಪ ನೋಡಬೇಕು ಅನ್ನಿಸಿತು.

ಮೇಡಂ ಅವರ ಒಪ್ಪಿಗೆ ಪಡೆದು ಆ ವಾರವೇ ಅಪ್ಪನನ್ನು ಕರೆತಂದೆ. ಅವನು ಅಂಥದೇ ಹೊಸ ತುಂಡಿದ್ದ ತಟ್ಟೆಯ ಮೇಲೆ ಬಾಗಿ ಭಾಳ ಹೊತ್ತು ನೋಡಿದ.

"ಮೋಟಾರಿನ ವೈರ್ ಕಡದೀರಿ. ಮತ್ತ ಇದು ಹೆಂಗ ನಡೀಲಿಕತ್ತದ್ರಿ?"

ಅಪ್ಪ ಮರೆತು ಕನ್ನಡದಲ್ಲೇ ಕೇಳಿದ್ದನ್ನು ನಾನು ಮೇಡಂಗೆ ಮರಾಠಿಗೆ ತಿರುಗಿಸಿ ಹೇಳಿದೆ. ಕರುಳಿನ ಗೋಡೆಯೊಳಗೇ ನರಗಳ ಬಲೆಯಿದೆ, ಮಿದುಳು ಹೇಳದಿದ್ದರೂ ಅದಕ್ಕೆ ತನ್ನ ಕೆಲಸ ಗೊತ್ತು ಎಂದರು ಮೇಡಂ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಆ ಬಲೆಯನ್ನೇ ತೋರಿಸಿದರು. ಕಪ್ಪಿನ ಮೇಲೆ ಹಸಿರಾಗಿ ಹೊಳೆಯುವ ಗಂಟುಗಳು, ಗಂಟಿನಿಂದ ಗಂಟಿಗೆ ಎಳೆಗಳು. ಅಪ್ಪ ಕಣ್ಣು ಕೀಳಲಿಲ್ಲ. ಎಡಗೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು.

"ಇಷ್ಟ ದಿನ ಇದು ನನ್ನೊಳಗ ದುಡದದ," ಅಂದ. "ನಾ ಬರೇ ಬೈದೀನಿ."

ಹೊರಗೆ ಬಂದ ಕೂಡಲೇ, ಚೂರು ಕೊಡುತ್ತೇನೆಂದು ಡಾಕ್ಟರಿಗೆ ತಿಳಿಸಲು ನನಗೆ ಹೇಳಿದ. ಇದರಿಂದ ನಿನಗೆ ಗುಣವಾಗುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಗೊತ್ತದ ಅಂದ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವಾಗ, ಈ ರೋಗದಲ್ಲಿ ಆಗುವಂತೆ, ಅಕ್ಷರಗಳು ಹೋಗುತ್ತ ಹೋಗುತ್ತ ಸಾಸಿವೆಯಷ್ಟಾದವು. ನಾನು ಕಾಗದ ಹಿಡಿದುಕೊಂಡೆ. ಅವನು ಕೊನೆಯ ಅಕ್ಷರದವರೆಗೂ ಪೂರ್ತಿ ಬರೆದ.