ಫೋನು ಹಾಕುವ ಡಬ್ಬಿ

ಕಳೆದ ವಾರ ಸೊಸೆ ಕಪಾಟಿನ ಮೇಲಿಂದ ಖರ್ಜೂರದ ಹಳೆಯ ತಗಡಿನ ಡಬ್ಬಿಯೊಂದನ್ನು ಇಳಿಸಿಕೊಟ್ಟಳು. ಮುಚ್ಚಳ ತೆಗೆದೆ. ಒಣಹುಲ್ಲಿಗೆ ಕರ್ಪೂರ ತಾಗಿದಂಥ ವಾಸನೆ ಮೂಗಿಗೆ ಹೊಡೆಯಿತು. ಅಡಿಯಲ್ಲಿ ಬೂದು ಬಣ್ಣದ ಎಲೆಗಳ ಸಣ್ಣ ಕಟ್ಟು, ಕೆಂಪು ಬಟ್ಟೆಯ ಚೂರು ಸುತ್ತಿದ್ದು. ಅದನ್ನು ಕೊಟ್ಟವಳು ಸೌದಿಯ ದಮ್ಮಾಮಿನ ಇದೇ ಬಿಲ್ಡಿಂಗಿನಲ್ಲಿ ನಮ್ಮ ಎದುರು ಬಾಗಿಲಲ್ಲಿ ಇದ್ದ ನರ್ಸ್.

ನಮ್ಮಲ್ಲಿ ಹೆಂಗಸರನ್ನು ಬಾಯಿ ಎಂದು ಕರೆಯುವುದು; ನನ್ನ ಗಂಡ ಅವಳನ್ನು ನರ್ಸ್‌ಬಾಯಿ ಎನ್ನುತ್ತಿದ್ದರು. ಅಮೆರಿಕದವಳು, ಆದರೆ ಬಿಳಿಯವಳಲ್ಲ. ಬಿಳಿಯರು ಬರುವ ಮೊದಲಿನಿಂದ ಅಲ್ಲಿದ್ದ ಲಕೋಟಾ ಎಂಬ ಜನ. ದಪ್ಪ ಹೆಂಗಸು, ನರೆತ ಉದ್ದ ಜಡೆ, ನಾನು ಮಾಡಿದ ಮೀನು ಸಾರನ್ನು ಬೆವರು ಒರೆಸಿಕೊಂಡು ಉಣ್ಣುವವಳು. ನಾನು ಕಲಿತದ್ದು ನಾಲ್ಕನೆಯ ಕ್ಲಾಸು. ನಮ್ಮಿಬ್ಬರ ಮಾತನ್ನು ಮೊಮ್ಮಗಳು ಅತ್ತಿಂದಿತ್ತ ದಾಟಿಸುತ್ತಿದ್ದಳು. ಅವಳು ಶಾಲೆಗೆ ಹೋಗಿದ್ದರೆ ಕೈಸನ್ನೆ, ಅದೂ ಆಗದಿದ್ದರೆ ಇಬ್ಬರೂ ಸುಮ್ಮನೆ ಚಾ ಕುಡಿಯುವುದು.

ಆಗ ಶುಕ್ರವಾರದ ತೇರ್ಸ್, ಅಂದರೆ ಜಪಮಾಲೆ, ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ಈ ದೇಶದಲ್ಲಿ ಚರ್ಚು, ನಮ್ಮ ಇಗರ್ಜಿ, ಇಲ್ಲ; ಕ್ರೈಸ್ತರ ಪ್ರಾರ್ಥನೆ ಬಹಿರಂಗವಾಗಿ ಮಾಡುವಂತಿಲ್ಲ. ಪರದೆ ಎಳೆದು, ಸಣ್ಣ ಸ್ವರದಲ್ಲಿ ಹೇಳಬೇಕು. ಬಂದವರೆಲ್ಲ ಮೊದಲು ಫೋನನ್ನು ಬಾಗಿಲ ಬಳಿಯ ಈ ಡಬ್ಬಿಗೆ ಹಾಕಬೇಕು. ಯಾರಾದರೂ ಫೋಟೋ ತೆಗೆದು ಊರಿಗೆ ಕಳಿಸಿ, ಅದು ಎಲ್ಲೆಲ್ಲೋ ಸುತ್ತುವುದು ಬೇಡವೆಂದು ನನ್ನ ಗಂಡ ಮಾಡಿದ ನಿಯಮ. ನರ್ಸ್‌ಬಾಯಿ ಒಮ್ಮೆ ಬಂದು ಹಿಂದೆ ಕುಳಿತಿದ್ದಳು. ಅವಳೂ ಫೋನು ಹಾಕಿದಳು, ಯಾಕೆಂದು ಕೇಳಲಿಲ್ಲ.

ಗಂಡ ಇಲ್ಲೇ ತೀರಿಕೊಂಡರು. ಹೆಣ ಊರಿಗೆ ಕಳಿಸಲು ಕಾಗದಪತ್ರ ಆಗಬೇಕಿತ್ತು. ಮಗ ಆಸ್ಪತ್ರೆಗೂ ಕೆಲಸಕ್ಕೆ ಕರೆಸಿಕೊಂಡಿದ್ದ ಕಫೀಲನ ಆಫೀಸಿಗೂ ಓಡುತ್ತಿದ್ದ. ನಾವು ಮನೆಯಲ್ಲಿ ಮಾಡಲು ಏನೂ ಇಲ್ಲದೆ ಕೂತಿದ್ದೆವು. ಅಂಥ ಒಂದು ಸಂಜೆ ನರ್ಸ್‌ಬಾಯಿ ಬಂದಳು. ತನ್ನ ಮನೆತನದ ಒಂದು ಹಾಡನ್ನು ನನ್ನ ಗಂಡನಿಗಾಗಿ ಹಾಡಬಹುದೇ ಎಂದು ಮೊಮ್ಮಗಳ ಮೂಲಕ ಕೇಳಿದಳು. ಹಾಡು ಎಂದೆ. ತಟ್ಟೆಯಲ್ಲಿ ಎಲೆ ಹೊತ್ತಿಸಿ, ಹೊಗೆಯನ್ನು ಕೈಯಿಂದ ಅವರ ಖಾಲಿ ಕುರ್ಚಿಯ ಕಡೆ ತಳ್ಳಿ, ಕಣ್ಣು ಮುಚ್ಚಿ ಹಾಡಿದಳು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು…

ಆ ದಿನ ಯಾರಿಗೂ ಡಬ್ಬಿ ನೆನಪಾಗಲಿಲ್ಲ. ನಮ್ಮ ಜಪಕ್ಕೆ ಡಬ್ಬಿ ಬೇಕು. ಅವಳದ್ದೂ ಜಪವೇ ಎಂದು ನಮ್ಮ ತಲೆಗೆ ಹೋಗಲಿಲ್ಲ. ಮೊಮ್ಮಗಳು ವಿಡಿಯೊ ಮಾಡಿ, ಅಜ್ಜನ ಫೋಟೋ ಸೇರಿಸಿ, ಲೋಕಕ್ಕೆಲ್ಲ ಕಾಣುವಂತೆ ಹಾಕಿದಳು. ಅಜ್ಜನ ಮೇಲಿನ ಪ್ರೀತಿಗೇ ಹಾಕಿದ್ದು.

ನಾವು ಊರಲ್ಲಿ ಮಣ್ಣು ಮಾಡಿ ವಾಪಸು ಬರುವಷ್ಟರಲ್ಲಿ ಅದು ಎಲ್ಲಿಗೋ ಮುಟ್ಟಿತ್ತು. ಈ ಎಲೆ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಕೆಲವರು. ಲಕೋಟಾದವರು ತಮ್ಮತಮ್ಮೊಳಗೇ ಜಗಳ. ಒಂದು ಮನೆತನದ ಹಾಡನ್ನು ಹೀಗೆ ಹಾಕಬಾರದು, ತೆಗೆಯಿರಿ ಎಂದು ಒಬ್ಬರು. ಪಟ್ಟಣದಲ್ಲಿ ಬೆಳೆದ ನಮ್ಮ ಮಕ್ಕಳು ಮತ್ತೆಲ್ಲಿ ಕೇಳಬೇಕು, ಇರಲಿ ಎಂದು ಇನ್ನೊಬ್ಬರು. ಯಾವುದೋ ದೇಶದ ಒಬ್ಬಳು ಆ ಹಾಡಿಗೆ ತಬಲಾ ಸೇರಿಸಿ ತನ್ನ ಧ್ಯಾನದ ಕ್ಲಾಸಿನ ಜಾಹೀರಾತು ಮಾಡಿದ್ದಳಂತೆ. ನರ್ಸ್‌ಬಾಯಿಯ ಅಣ್ಣ ಅದನ್ನೂ ನೋಡಿದ. ಅವರ ಆಚರಣೆಗಳಲ್ಲಿ ಹಾಡು ಎತ್ತುವವನು ಅವನೇ. ಇಲ್ಲಿಯ ಕೆಲಸ ಮುಗಿಸಿ ಊರಿಗೆ ಹೋಗಿ ಅವನ ಪಕ್ಕದಲ್ಲಿ ನಿಂತು ಹಾಡಬೇಕೆಂದು ಇವಳು ಕಾದಿದ್ದಳು. ಅವನು ಇವಳ ಫೋನು ಎತ್ತುವುದನ್ನೇ ಬಿಟ್ಟ.

"ನಮ್ಮದನ್ನು ಅಳಿಸಿದೆ ಶಾಮಾಯ್. ಬೇರೆಯವರು ಇಳಿಸಿಕೊಂಡದ್ದಕ್ಕೆ ನಾನು ಎಂತ ಮಾಡ್ಲಿ?" ಎಂದು ಮೊಮ್ಮಗಳು ಅತ್ತಳು. ನಮ್ಮಲ್ಲಿ ಅಜ್ಜಿಗೆ ಶಾಮಾಯ್ ಎನ್ನುವುದು.

ನರ್ಸ್‌ಬಾಯಿ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ನಾನು ನೇರ ಕೇಳಿದೆ: "ಒಂದು ಹಾಡಿಗೆ ಎಂತದು ಇಷ್ಟು ರಂಪ ಮಾರಾಯ್ತಿ? ನಾಲ್ಕು ಜನ ಕೇಳಿದ್ರೆ ಸವೆದು ಹೋಗ್ತದಾ?"

ಇದನ್ನು ಅವಳಿಗೆ ಹೇಳಲಾರೆ ಎಂದು ಮೊಮ್ಮಗಳು ತಲೆಯಲ್ಲಾಡಿಸಿದಳು.

"ಹೇಳು. ನಾನು ಹೇಳಿದ ಹಾಗೇ ಹೇಳು."

ನರ್ಸ್‌ಬಾಯಿ ಸಿಟ್ಟಾಗಲಿಲ್ಲ. ಬಾಗಿಲ ಬಳಿಯ ಡಬ್ಬಿಯನ್ನು ತೋರಿಸಿ, ಅದು ಯಾಕೆ ಎಂದಳು.

"ಅದು ಇಲ್ಲಿಗೆ ಬೇಕಾದ ಜಾಗ್ರತೆ. ನಮ್ಮ ಊರಲ್ಲಿ ಈಗ ಇಗರ್ಜಿಯ ಹಬ್ಬಕ್ಕೆ ಡ್ರೋನ್ ಹಾರಿಸಿ ವಿಡಿಯೊ ಮಾಡ್ತಾರೆ" ಎಂದೆ.

ಅವಳು ಜೋರಾಗಿ ನಕ್ಕಳು. ನಕ್ಕು ಮುಗಿದ ಮೇಲೆ, ತನ್ನ ಅಜ್ಜಿಯ ಕಾಲದಲ್ಲಿ ಅವರ ಆಚರಣೆಗಳಿಗೆ ಅಮೆರಿಕ ಸರ್ಕಾರದ ನಿಷೇಧ ಇತ್ತೆಂದಳು. ಕಿಟಕಿಗೆ ಕಂಬಳಿ ಕಟ್ಟಿಕೊಂಡು ಹಾಡಿ ಉಳಿಸಿದ್ದಂತೆ. "ಸವೆಯುವುದಿಲ್ಲ. ಆದರೆ ಯಾರಿಗೆ ಕೊಡಬೇಕು ಅಂತ ಹೇಳುವವರು ನಾವಾಗಿರಬೇಕು. ನಾನು ನಿಮ್ಮ ಯಜಮಾನರಿಗೆ ಕೊಟ್ಟೆ. ಎಲ್ಲರಿಗೂ ಕೊಟ್ಟದ್ದಲ್ಲ."

ತೇರ್ಸಿಗೆ ಎಳೆಯುವ ನಮ್ಮ ಪರದೆಯನ್ನು ನಾನು ನೋಡಿದೆ.

ಮೊಮ್ಮಗಳು ತಾನಾಗಿಯೇ ಆ ಅಣ್ಣನಿಗೆ ತಪ್ಪು ತನ್ನದೆಂದು ಬರೆದಳು. ಕೆಲವು ದಿನ ಬಿಟ್ಟು ಅವನೇ ಫೋನು ಮಾಡಿದ. ಬೈಯಲಿಲ್ಲ. ನಿನ್ನ ಅಜ್ಜ ಎಂಥವರು, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದ. ಏಸಿ ರಿಪೇರಿ, ಬೇಗ ಸಿಟ್ಟು ಬರ್ತಿತ್ತು ಎಂದಳು ಇವಳು. ಆಮೇಲೆ ತಂಗಿಯೊಡನೆ ಮಾತಾಡಿದ. ಮನೆಗೆ ಬಾ, ಆದರೆ ಆ ಹಾಡನ್ನು ಇನ್ನು ನೀನು ಹಾಡಬೇಡ ಎಂದ. ಆಗಲಿ ಎಂದಳು ನರ್ಸ್‌ಬಾಯಿ. ನಾನಾಗಿದ್ದರೆ ಜಗಳ ಮಾಡುತ್ತಿದ್ದೆ.

ಹೊರಡುವ ದಿನ ಈ ಎಲೆಯ ಕಟ್ಟನ್ನು ನನ್ನ ಕೈಗಿಟ್ಟಳು. ಇದನ್ನು ಮಾರಬಾರದು, ಮಾರುವವರ ಹತ್ತಿರ ಕೊಳ್ಳಲೂಬಾರದು ಎಂದಳು. ನಾನು ಮೀನಿನ ಮಸಾಲೆ ಕಟ್ಟಿಕೊಟ್ಟೆ. ಲಿಫ್ಟಿನ ಬಾಗಿಲು ಮುಚ್ಚಿತು… ಅಷ್ಟೇ. ತೇರ್ಸ್ ಬೇರೆಯವರ ಮನೆಗೆ ಹೋಯಿತು. ಎಲೆಯನ್ನು ಡಬ್ಬಿಗೆ ಹಾಕಿ ಡಬ್ಬಿಯನ್ನು ಮೇಲಿಟ್ಟೆ.

ನರ್ಸ್‌ಬಾಯಿ ತೀರಿಕೊಂಡಳೆಂದು ಅವಳ ಅಣ್ಣನ ಮಗಳು ನನ್ನ ಮೊಮ್ಮಗಳಿಗೆ ಬರೆದದ್ದು ಈ ಸಲದ ಈಸ್ಟರ್ ಕಳೆದ ಮೇಲೆ. ಕೊನೆಯವರೆಗೂ ಅವಳು ಆ ಹಾಡು ಹಾಡಲಿಲ್ಲವಂತೆ. ಅಣ್ಣ ಹಾಡುವಾಗ ಹಿಂದೆ ಕೂತು ಕೇಳುತ್ತಿದ್ದಳಂತೆ. ಅವಳು ಸತ್ತಾಗ ಅವನೇ ಅದನ್ನು ಹಾಡಿದನಂತೆ.

ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅಣ್ಣನ ಮನೆಯವರನ್ನು ಕೇಳಿ, ಒಪ್ಪಿಗೆ ಪಡೆದು, ನರ್ಸ್‌ಬಾಯಿಯ ಒಂದು ಫೋಟೋ ಮಾತ್ರ ಹಾಕಿದಳು. ಕೆಳಗೆ ಯಾರೋ ಕೇಳಿದ್ದಾರಂತೆ, ಇವರ ಹಾಡಿನ ವಿಡಿಯೊ ಇತ್ತಲ್ಲ, ಎಲ್ಲಿ ಹೋಯಿತು ಎಂದು.

ಈ ವಾರದಿಂದ ತೇರ್ಸ್ ಮತ್ತೆ ನಮ್ಮ ಮನೆಯಲ್ಲಿ. ಎಲೆಯನ್ನು ನಾನು ಡಬ್ಬಿಯಿಂದ ತೆಗೆಯಲಿಲ್ಲ. ಮೊನ್ನೆ ಹೊರಡುವಾಗ ಒಬ್ಬಳು ಡಬ್ಬಿಯಿಂದ ತೆಗೆದ ತನ್ನ ಫೋನು ಮೂಸಿ, "ಬಾಯಿ, ಇದೆಂತ ವಾಸನೆ?" ಎಂದಳು.

"ಎದುರು ಮನೆಯವಳದ್ದು" ಎಂದೆ. ಎದುರು ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.