ಬಸ್ಸು ಹೊರಡಿಸುವ ತುಣುಕಕ್ಕ

ಬೆಳಗಿನ ಐದು ಗಂಟೆ. ಬಸ್ ಡಿಪೋದ ಅಂಗಳದಲ್ಲಿ ಚಾಲಕರು, ಕಂಡಕ್ಟರುಗಳು ಟೀ ಲೋಟ ಹಿಡಿದು ಮಹಡಿಯತ್ತ ಕತ್ತೆತ್ತಿ ನಿಂತಿದ್ದಾರೆ. ಅಲ್ಲಿನ ಕಂಪ್ಯೂಟರ್ ಕೋಣೆಯಲ್ಲಿ ಸ್ವೆಟರಿನ ತೋಳು ಮೇಲೇರಿಸಿಕೊಂಡ ಹೆಂಗಸೊಬ್ಬರು ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಟೈಪ್ ಮಾಡುತ್ತಾರೆ. ಎಂಟರ್ ಒತ್ತುವ ಮುನ್ನ ಬೆರಳು ಎತ್ತಿ ಹಿಡಿದು ಇನ್ನೊಮ್ಮೆ ಓದಿಕೊಳ್ಳುತ್ತಾರೆ. ಒತ್ತಿದ ಮೇಲೆ ಹಳೇ ಪ್ರಿಂಟರ್ ಗೊಣಗುತ್ತ ಕಾಗದ ಹೊರಹಾಕುತ್ತದೆ. ಯಾವ ಬಸ್ಸಿಗೆ ಯಾರು ಎಂಬ ಈ ಡ್ಯೂಟಿ ಚೀಟಿ ಕೆಳಗಿಳಿಯದೆ ಒಂದು ಗಾಲಿಯೂ ಉರುಳುವುದಿಲ್ಲ.

ಡಿಪೋದಲ್ಲಿ ಇವರನ್ನು ಎಲ್ಲರೂ ಕರೆಯುವುದು ತುಣುಕಕ್ಕ ಎಂದೇ. ಟೈಪಿಸ್ಟ್ ಆಗಿ ಸೇರಿದವರು, ಬಿದ್ದೆದ್ದು ಪ್ರೋಗ್ರಾಂ ಬರೆಯುವುದನ್ನು ಕಲಿತರು. ಕಲಿತದ್ದನ್ನೆಲ್ಲ ಸಣ್ಣ ಸಣ್ಣ ತುಣುಕುಗಳಾಗಿ ಒಂದೇ ಕಡತದಲ್ಲಿ ಕೂಡಿಹಾಕುತ್ತ ಬಂದಿದ್ದಾರೆ. ರಜೆ ಹಾಕಿದವರ ಹೆಸರು ತೆಗೆಯಲು ಒಂದು ಸಾಲು, ಒಂದೇ ಹೆಸರು ಎರಡು ಬಸ್ಸಿಗೆ ಬಿದ್ದರೆ ಹಿಡಿಯಲು ಇನ್ನೊಂದು. ಪ್ರತಿ ತುಣುಕಿನ ಕೆಳಗೂ ಪಕ್ಕದಲ್ಲಿ ಕೂತು ಹೇಳಿದಂಥ ಒಂದು ಮಾತು: ‘ಅಳಿಸೋಕೆ ಮುಂಚೆ ಯಾವ್ಯಾವ ಹೆಸರು ಹೋಗುತ್ತೆ ಅಂತ ಅದೇ ಸಾಲಲ್ಲಿ ಪಟ್ಟಿ ತೆಗೆದು ನೋಡು. ಅಳಿಸಿದ್ಮೇಲೆ ಅಳೋದೊಂದೇ ಬಾಕಿ.’

ಗಂಡ ದರ್ಜಿ. ಹೊಲಿದು ಮಿಕ್ಕ ಬಟ್ಟೆಯ ಚೂರುಗಳನ್ನು ಆತ ಚೀಲದಲ್ಲಿ ತುಂಬಿಡುತ್ತಾನೆ. ‘ನಮ್ಮಿಬ್ರಿಗೂ ಒಂದೇ ಚಾಳಿ, ತುಂಡು ಎಸೆಯೋಕೆ ಮನಸ್ಸು ಬರಲ್ಲ’ ಎಂದು ತುಣುಕಕ್ಕ ನಗುತ್ತಾರೆ.

ಆದರೆ ಈ ಜಾಣತನವೇ ಅವರ ಕೊರಳಿಗೆ ಸುತ್ತಿಕೊಂಡಿತ್ತು. ರಜೆ ಹಾಕಿದರೆ ಬೆಳಗಾಗುವ ಮೊದಲೇ ಫೋನ್. ನಾದಿನಿಯ ಮದುವೆಯಲ್ಲಿ ಅರ್ಧ ಊಟಕ್ಕೇ ಕೈತೊಳೆದು ಓಡಿಬಂದದ್ದುಂಟು. ಈ ಬಾರಿ ತಾಯಿಯ ಕಣ್ಣಿನ ಪೊರೆ ತೆಗೆಸಬೇಕಿತ್ತು. ಮಗಳು ಪಕ್ಕದಲ್ಲಿ ಕೂತರೆ ಮಾತ್ರ ಸರಿ, ಇಲ್ಲದಿದ್ದರೆ ಆಪರೇಷನ್ನೇ ಬೇಡ ಎಂದು ಆಕೆಯ ಹಟ. ಹೆದರಿಕೆಗೆ ಎರಡು ಸಲ ಮುಂದೂಡಿ ಆಗಿತ್ತು, ಇನ್ನು ತಡಮಾಡಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಆ ಒಂದು ಬೆಳಗ್ಗೆ ಡ್ಯೂಟಿ ಚೀಟಿ ತೆಗೆಯಲು ಟಿಕೆಟ್ ವಿಭಾಗದ ಗುಮಾಸ್ತರು ಒಪ್ಪಿದರು. ಮ್ಯಾನೇಜರಿಗೂ ಹುಮ್ಮಸ್ಸು ಬಂತು. ತುಣುಕುಗಳನ್ನೆಲ್ಲ ಪತ್ರ ಬರೆಯುವ ಸಾಫ್ಟ್‌ವೇರಿಗೆ ಹಾಕಿ, ದಪ್ಪಕ್ಷರ, ಬಣ್ಣದ ಅಂಚು ಕೊಟ್ಟು ಚೆಂದ ಮಾಡಿಸಿದರು. ಹಿಂದಿನ ದಿನ ಪರೀಕ್ಷೆ. ಗುಮಾಸ್ತರು ಅದರಿಂದ ಒಂದು ಸಾಲು ನಕಲು ಮಾಡಿ ಅಂಟಿಸಿದರೆ ಯಂತ್ರ ಒಪ್ಪಲೊಲ್ಲದು. ಇನ್ನೊಂದು ಸಾಲಿಗೂ ಅದೇ ಕಥೆ. ಗುಮಾಸ್ತರ ಮುಖ ಇಳಿಯಿತು. ‘ಅಕ್ಕಾ, ನನ್ನ ಕೈಲಾಗಲ್ಲ, ನಾಳೆ ನೀವೇ ಬಂದುಬಿಡಿ’ ಎಂದರು.

ತುಣುಕಕ್ಕ ಮುಂದೆ ಬಗ್ಗಿದರು. ಪರದೆಗೆ ಮೂಗು ತಾಗಿಸಿ ನೋಡಿದಾಗ ಗುಟ್ಟು ತಿಳಿಯಿತು. ಅವರು ಹಾಕಿದ್ದ ಎರಡು ಪುಟ್ಟ ಅಡ್ಡಗೆರೆಗಳನ್ನು ಆ ಸಾಫ್ಟ್‌ವೇರು ಜೋಡಿಸಿ ಒಂದೇ ಉದ್ದ ಗೆರೆ ಮಾಡಿತ್ತು, ನೆಟ್ಟಗಿದ್ದ ಉದ್ಧರಣ ಚಿಹ್ನೆಗಳನ್ನು ಬಾಗಿಸಿ ಅಲಂಕರಿಸಿತ್ತು. ಓದುವವರಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ಬೇರೆಯದೇ ಭಾಷೆ.

ಬಣ್ಣ, ಅಂಚು ಎಲ್ಲ ಕಿತ್ತುಹಾಕಿ ತಮ್ಮ ಬೋಳು ಕಡತವನ್ನೇ ಗುಮಾಸ್ತರ ಕಂಪ್ಯೂಟರಿಗೆ ಹಾಕಿದರು. ತುದಿಯಲ್ಲಿ ಹೊಸದೊಂದು ಸಾಲು ಸೇರಿತು: ‘ಇದಕ್ಕೆ ಸಿಂಗಾರ ಮಾಡಬೇಡಿ, ಹೀಗೇ ಇರಲಿ.’ ಆಮೇಲೆ ಕೈಕಟ್ಟಿ ಹಿಂದೆ ನಿಂತು, ಗುಮಾಸ್ತರೇ ಎಂಟರ್ ಒತ್ತಿ ಚೀಟಿ ಹೊರಬರುವ ತನಕ ಬಾಯಿ ಬಿಡಲಿಲ್ಲ. ಅದೇ ಕಷ್ಟವಾಯಿತಂತೆ.

ಮರುದಿನ ಆಸ್ಪತ್ರೆಯಲ್ಲಿ ಅಮ್ಮನ ಕೈ ಒಂದು ಕೈಯಲ್ಲಿ, ಫೋನ್ ಇನ್ನೊಂದರಲ್ಲಿ. ಬೆಳಕು ಹರಿಯುವಾಗ ಕಿಟಕಿಯಾಚೆ ತಮ್ಮ ಡಿಪೋದ ಮೊದಲ ಬಸ್ಸು ದಾಟಿಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ತುಣುಕಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡರು.

ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದ ಅಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ‘ಒಂದ್ಸಲಾನೂ ಫೋನ್ ಬರಲಿಲ್ವಲ್ಲೇ, ಕೆಲಸದಿಂದ ತೆಗೆದುಹಾಕಿಬಿಟ್ರಾ?’

ಈ ಮಾತು ಹೇಳುವಾಗ ತುಣುಕಕ್ಕನ ಕಣ್ಣು ತುಂಬುತ್ತದೆ, ನಗುವೂ ಬರುತ್ತದೆ. ‘ಇಲ್ಲಮ್ಮ, ಕೆಲಸ ಚೆನ್ನಾಗಿ ಮಾಡಿದೀನಿ ಅಂತ ಅರ್ಥ ಅಂದೆ.’