ಬಿರುಕಿಲ್ಲದ ಮೆಟ್ಟಿಲು

ರಾಜಾಜಿನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಜಂಬಣ್ಣನನ್ನು ಯಾರೂ ಕೆಟ್ಟವನೆನ್ನುತ್ತಿರಲಿಲ್ಲ. ನನಗೆ ಅದೇ ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಗಂಡಿನ ಕಡೆಯವರಿಗೆ ಕಳಿಸುವ ಹೆಣ್ಣಿನ ಫೋಟೋ ಎಂದರೆ ಅವನೇ ತೆಗೆಯಬೇಕು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದನೆಂದರೆ ಸಿಡುಬಿನ ಕಲೆ, ಕಣ್ಣ ಕೆಳಗಿನ ಗೆರೆ ಎಲ್ಲ ಮಾಯ. ಆಮೇಲೆ ಹೆಣ್ಣು ನೋಡಲು ಬಂದವರು ಏನೆನ್ನುತ್ತಿದ್ದರೋ, ಅದು ಅವನಿಗೆ ಬೇಕಿರಲಿಲ್ಲ.

ಎಪ್ಪತ್ತಮೂರರಲ್ಲಿ ನಮ್ಮಕ್ಕ ಜಯದೇವಿ ಅವನನ್ನು ಕೆಂಗೇರಿಗೆ ಕರೆಸಿದಳು. ಅಲ್ಲಿನ ಹಳೆಯ ಬಂಗಲೆಯೊಂದರಲ್ಲಿ ಟ್ರಸ್ಟಿನವರ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು, ಅಕ್ಕ ವಾರ್ಡನ್. ನಡುಮನೆಯಿಂದ ಮಹಡಿಗೆ ಸುತ್ತಿ ಸುತ್ತಿ ಏರುವ ತೇಗದ ಮೆಟ್ಟಿಲು, ಕಟಕಟೆಯ ತುಂಬ ಬಳ್ಳಿಯ ಕೆತ್ತನೆ. ನೋಡಿದವರು ಬಾಯಿ ಬಿಡುತ್ತಿದ್ದರು. ಅದು ಕಿರುಗುಟ್ಟುವುದು, ಬಿರುಕು ಬಿಟ್ಟಿರುವುದು ಹತ್ತಿದವರಿಗೆ ಮಾತ್ರ ಗೊತ್ತು. ಟ್ರಸ್ಟಿನ ಸೆಕ್ರೆಟರಿ ಸೋಮಲಿಂಗಪ್ಪ ಎಂದೂ ಹತ್ತಿದವರಲ್ಲ.

“ಎಷ್ಟು ಹೇಳಿದ್ರೂ ಅವರು ನಂಬ್ತಿಲ್ಲ ಜಂಬಣ್ಣೋರೆ. ಬಿರುಕು ಚೆನ್ನಾಗಿ ಕಾಣೋ ಹಾಗೆ ತೆಗೀರಿ. ಮಕ್ಕಳು ಓಡಾಡೋ ಜಾಗ,” ಎಂದಳು ಅಕ್ಕ.

“ಆಗ್ಲಿ ಮೇಡಂ,” ಎಂದ.

ಜನ್ಮವೆಲ್ಲ ಬರೀ ಮುಖಗಳ ಫೋಟೋ ತೆಗೆದವನಿಗೆ ಆ ಮೆಟ್ಟಿಲು ತಲೆಗೇರಿತು. ನೆಲದ ಮೇಲೆ ಅಂಗಾತ ಮಲಗಿ, ಕಿಟಕಿಯ ಬಿಸಿಲಿಗೆ ಕಾದು, ಊಟ ಮರೆತು ತೆಗೆದ. ಚಿತ್ರ ಅದ್ಭುತವಾಗಿ ಬಂದಿತ್ತು, ಅದನ್ನು ಒಪ್ಪಲೇಬೇಕು. ಆದರೆ ಅಂಥ ಚಿತ್ರದಲ್ಲಿ ಬಿರುಕು ಇರುವುದನ್ನು ಅವನಿಂದ ಸಹಿಸಲಾಗಲಿಲ್ಲ. ಕೈ ತಾನಾಗಿಯೇ ಪೆನ್ಸಿಲ್ಲಿಗೆ ಹೋಯಿತೆಂದು ಆಮೇಲೆ ಹೇಳಿದ. ತಾನಾಗಿಯೇ ಹೋಯಿತಂತೆ! ಶಹಬ್ಬಾಸ್‌ಗಿರಿಯ ಆಸೆಗೆ ಅಕ್ಕನಿಗೂ ತೋರಿಸದೆ, ಚೌಕಟ್ಟು ಹಾಕಿಸಿ ನೇರ ಸೋಮಲಿಂಗಪ್ಪನವರ ಕೈಗೇ ಕೊಟ್ಟ.

“ಇಷ್ಟು ಚೆಂದದ ಮೆಟ್ಟಿಲಿಗೆ ಏನ್ರೀ ಆಗಿದೆ? ಈ ಹೆಂಗಸಿಗೆ ದೂರು ಹೇಳೋದೇ ಕೆಲಸ,” ಎಂದು ಅವರು ಅದನ್ನು ಆಫೀಸಿನ ಗೋಡೆಗೆ ತೂಗುಹಾಕಿದರು.

ಆ ಮಳೆಗಾಲದಲ್ಲಿ ಅಕ್ಕ ಜ್ವರ ಬಂದ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಇಳಿಯುವಾಗ ಮೆಟ್ಟಿಲು ಮುರಿಯಿತು. ಹುಡುಗಿ ಅಕ್ಕನ ಮೇಲೆ ಬಿದ್ದು ಉಳಿದಳು. ಅಕ್ಕನ ಸೊಂಟ ಹೋಯಿತು. ಟ್ರಸ್ಟಿನ ಸಭೆಯಲ್ಲಿ ಸೋಮಲಿಂಗಪ್ಪ ಆ ಫೋಟೋವನ್ನೇ ಮುಂದಿಟ್ಟರು: ಮೆಟ್ಟಿಲು ಗಟ್ಟಿಯಾಗಿತ್ತು, ವಾರ್ಡನ್ನರದೇ ಅಜಾಗರೂಕತೆ. ಅವಳನ್ನು ಕೆಲಸದಿಂದ ತೆಗೆದರು.

ಜಂಬಣ್ಣ ವಿಜಯನಗರದ ನಮ್ಮ ಮನೆಗೆ ಬಂದ. ಮಂಚದ ಪಕ್ಕ ನಿಂತು, “ಪೆನ್ಸಿಲ್ ಒರೆಸಿದ್ರೆ ಹೋಗುತ್ತೆ ಮೇಡಂ. ಬಿರುಕು ಕಾಣೋ ಹಾಗೆ ಇನ್ನೊಂದು ಪ್ರಿಂಟ್ ಹಾಕಿ ಕೊಡ್ತೀನಿ. ಟ್ರಸ್ಟಿನೋರಿಗೆ ತೋರ್ಸಿ,” ಎಂದ.

ಅಕ್ಕ ಅವನತ್ತ ತಿರುಗಲಿಲ್ಲ. ತಿರುಗಲು ಆಗುತ್ತಲೂ ಇರಲಿಲ್ಲ.

“ಹೋದ ವಾರ ಮೆಟ್ಟಿಲೆಲ್ಲ ಹೊಸದಾಗಿ ಮಾಡಿಸಿದಾರಂತೆ,” ಎಂದಳು. “ಹೋಗಿ ನೋಡ್ಕೊಂಡು ಬನ್ನಿ. ಈಗ ನಿಮ್ಮ ಫೋಟೋದಲ್ಲಿ ಇರೋ ಹಾಗೇ ಇದೆ.”